ಖಾಲಿ ಉಳಿದ ಮೆಟ್ಟಿಲು

(ಸಂಘದ ಸಂಸ್ಥಾಪನಾ ದಿನದಂದು ಕ್ಯಾಂಪ್‌ಬೆಲ್‌ನಲ್ಲಿ ಮಾಡಿದ ಭಾಷಣ)



ಸಂಸ್ಥಾಪನಾ ದಿನದಂದು ನಾವು ಸಂಘ ಕಟ್ಟಿದ ಹಿರಿಯರನ್ನು ನೆನೆಯುತ್ತೇವೆ. ಅದು ನಮ್ಮ ಧರ್ಮ. ಅದರ ಜೊತೆಗೆ, ನಮ್ಮವರಲ್ಲದ ಕೆಲವರಿಗೆ ನಾವು ತೀರಿಸಬೇಕಾದ ಋಣವೊಂದಿದೆ. ಇಂದು ಅದರ ಬಗ್ಗೆ ನಾಲ್ಕು ಮಾತು ಹೇಳಬಯಸುತ್ತೇವೆ.

ಇಲ್ಲಿಂದ ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಕಾರಿನಲ್ಲಿ ಹೆಚ್ಚು ದೂರವಿಲ್ಲ. ಅಲ್ಲಿನ ಆವರಣದಲ್ಲಿ 2005ರಲ್ಲಿ ನಿಲ್ಲಿಸಿದ ಎತ್ತರದ ಪ್ರತಿಮೆಯಿದೆ. ಪದಕ ವೇದಿಕೆಯ ಮೇಲೆ ಇಬ್ಬರು ಕಪ್ಪು ಓಟಗಾರರು ತಲೆ ತಗ್ಗಿಸಿ, ಮುಷ್ಟಿ ಎತ್ತಿ ನಿಂತಿದ್ದಾರೆ. ಎರಡನೆಯ ಸ್ಥಾನದ ಮೆಟ್ಟಿಲು ಮಾತ್ರ ಖಾಲಿ. ಮಕ್ಕಳು ಅದನ್ನು ಹತ್ತಿ ಫೋಟೋ ತೆಗೆಸಿಕೊಳ್ಳುತ್ತಾರೆ. ಅದೇಕೆ ಖಾಲಿ ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ಜನ ಉತ್ತರ ಹೇಳಬಲ್ಲೆವು?

1960ರ ದಶಕದಲ್ಲಿ ಬಡ್ ವಿಂಟರ್ ಎಂಬ ತರಬೇತುದಾರರು ಈ ಊರಿನಲ್ಲಿ ಎಂಥ ಓಟಗಾರರನ್ನು ತಯಾರು ಮಾಡಿದರೆಂದರೆ, ಜನ ಇದನ್ನು ‘ಸ್ಪೀಡ್ ಸಿಟಿ’ ಎಂದೇ ಕರೆದರು. ಆ ಓಟಗಾರರಲ್ಲಿ ಹಲವರು ಕಪ್ಪು ತರುಣರು. ಓಡುವಾಗ ಅವರು ಊರಿನ ಹೆಮ್ಮೆ. ಓಟ ಮುಗಿಸಿ ಬಾಡಿಗೆಗೆ ಕೋಣೆ ಹುಡುಕುತ್ತ ಹೊರಟರೆ ಮನೆಯ ಬಾಗಿಲು ಮುಚ್ಚುತ್ತಿತ್ತು. ಅಂದಿನ ಸ್ಯಾನ್ ಹೋಸೆ ಸ್ಟೇಟ್ ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದ ಹ್ಯಾರಿ ಎಡ್ವರ್ಡ್ಸ್ ಇದನ್ನು ಪ್ರಶ್ನಿಸಿದರು. 1967ರ ಸೆಪ್ಟೆಂಬರಿನಲ್ಲಿ, ತಾರತಮ್ಯ ನಿಲ್ಲದಿದ್ದರೆ ವರ್ಷದ ಮೊದಲ ಫುಟ್‌ಬಾಲ್ ಪಂದ್ಯ ನಡೆಯಗೊಡುವುದಿಲ್ಲ ಎಂದು ವಿದ್ಯಾರ್ಥಿಗಳೊಂದಿಗೆ ಪಟ್ಟು ಹಿಡಿದರು. ಗಲಭೆಗೆ ಹೆದರಿ ಕಾಲೇಜು ಪಂದ್ಯವನ್ನೇ ರದ್ದು ಮಾಡಿತು. ಮನವಿಗೆ ಕೇಳಿಸದ ಕಿವಿ, ಟಿಕೆಟ್ ಮಾರುವ ಆಟ ನಿಂತಾಗ ತೆರೆಯಿತು. ಆಟದ ಹಿಂದೆ ಹಣವಿದೆ, ಹಣದ ಹಿಂದೆ ಅಧಿಕಾರವಿದೆ. ಅದನ್ನು ತಡೆಯುವ ಶಕ್ತಿ ಆಡುವವನ ಕೈಯಲ್ಲೂ ಇದೆ ಎಂಬುದನ್ನು ಅವರು ಅಂದು ಕಂಡುಕೊಂಡರು.

ಮರುವರ್ಷ, 1968ರ ಅಕ್ಟೋಬರ್ 16ರಂದು, ಮೆಕ್ಸಿಕೋ ನಗರದ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಓಟ. ಟಾಮಿ ಸ್ಮಿತ್ 19.83 ಸೆಕೆಂಡುಗಳಲ್ಲಿ ಓಡಿ ವಿಶ್ವದಾಖಲೆ ಮಾಡಿದರು. ಜಾನ್ ಕಾರ್ಲೋಸ್ ಮೂರನೆಯವರು. ಇಬ್ಬರೂ ನಮ್ಮ ಪಕ್ಕದ ಈ ಕಾಲೇಜಿನ ಅಂಗಳದಲ್ಲಿ ಪಳಗಿದವರು. ಸ್ಮಿತ್ ಟೆಕ್ಸಾಸ್‌ನಲ್ಲಿ ಹುಟ್ಟಿ, ನಮ್ಮದೇ ಕ್ಯಾಲಿಫೋರ್ನಿಯಾದ ಕಣಿವೆಯ ಹೊಲಗಳಲ್ಲಿ ತಂದೆತಾಯಿಯರ ಜೊತೆ ಹತ್ತಿ ಬಿಡಿಸಿ ಬೆಳೆದವರು. ಪದಕ ಪಡೆಯಲು ಅವರು ಬೂಟಿಲ್ಲದೆ ಕಪ್ಪು ಕಾಲುಚೀಲದಲ್ಲಿ ವೇದಿಕೆ ಹತ್ತಿದರು. ಅದು ತಮ್ಮ ಜನರ ಬಡತನದ ಗುರುತು. ರಾಷ್ಟ್ರಗೀತೆ ನುಡಿಯುವಾಗ ಕಪ್ಪು ಕೈಗವಸು ತೊಟ್ಟ ಮುಷ್ಟಿ ಎತ್ತಿದರು. ಎರಡನೆಯ ಸ್ಥಾನದ ಆಸ್ಟ್ರೇಲಿಯಾದ ಬಿಳಿಯ ಪೀಟರ್ ನಾರ್ಮನ್ ಮುಷ್ಟಿ ಎತ್ತಲಿಲ್ಲ. ಆದರೆ ಅವರ ಹೋರಾಟದ ಬಿಲ್ಲೆಯನ್ನು ಎದೆಗೆ ಚುಚ್ಚಿಕೊಂಡು ಜೊತೆಗೆ ನಿಂತರು.

ಆಗ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರಾಗಿದ್ದವರು ಎವರಿ ಬ್ರಂಡೇಜ್, ಕಟ್ಟಡ ಕಂಟ್ರಾಕ್ಟಿನಲ್ಲಿ ಶ್ರೀಮಂತರಾದ ಅಮೆರಿಕನ್. ಕ್ರೀಡಾಪಟು ಆಟದಿಂದ ಕಾಸು ಮುಟ್ಟಬಾರದು ಎಂಬ ಹವ್ಯಾಸಿ ನಿಯಮದ ಕಟ್ಟಾ ಕಾವಲುಗಾರರು. ಹಣವಿದ್ದವರಿಗೆ ಆ ನಿಯಮ ಭಾರವಲ್ಲ, ಕೂಲಿಯ ಮಗನಿಗೆ? 1936ರಲ್ಲಿ ಹಿಟ್ಲರನ ಬರ್ಲಿನ್‌ಗೆ ಅಮೆರಿಕದ ತಂಡ ಹೋಗಲೇಬೇಕೆಂದು ವಾದಿಸಿದವರೂ ಇವರೇ. ಅವರ ಒತ್ತಡಕ್ಕೆ ಮಣಿದು ಅಮೆರಿಕದ ಸಮಿತಿ ಇಬ್ಬರನ್ನೂ ತಂಡದಿಂದ ಹೊರಹಾಕಿತು. ಮನೆಗೆ ಬಂದವರನ್ನು ಕಾದಿದ್ದವು ಕೊಲೆ ಬೆದರಿಕೆಗಳು ಮತ್ತು ನಿರುದ್ಯೋಗ. 2005ರಲ್ಲಿ ಅದೇ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 2006ರಲ್ಲಿ ನಾರ್ಮನ್ ತೀರಿಕೊಂಡಾಗ ಇಬ್ಬರೂ ಮೆಲ್ಬರ್ನ್‌ಗೆ ಹೋಗಿ ಅವರ ಶವಪೆಟ್ಟಿಗೆಗೆ ಹೆಗಲು ಕೊಟ್ಟರು.

ಇದು ಅಮೆರಿಕದವರ ಕಥೆ, ನಮಗೇನು ಎನ್ನಬೇಡಿ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಕಾಡಂಚಿನಲ್ಲಿ ಸಿದ್ದಿ ಜನರಿದ್ದಾರೆ. ಆಫ್ರಿಕಾದಿಂದ ಗುಲಾಮರಾಗಿ ತಂದವರ, ಗೋವೆಯಿಂದ ತಪ್ಪಿಸಿಕೊಂಡು ಕಾಡು ಸೇರಿದವರ ಸಂತತಿ. ಮನೆಮಾತು ಹಲವರದು ಕೊಂಕಣಿ, ಶಾಲೆಯ ಮಾತು ಕನ್ನಡ. 1987ರ ಸುಮಾರಿಗೆ, ಮಾರ್ಗರೆಟ್ ಆಳ್ವ ಅವರು ಕೇಂದ್ರದಲ್ಲಿ ಕ್ರೀಡಾ ಖಾತೆ ನೋಡಿಕೊಳ್ಳುತ್ತಿದ್ದಾಗ, ಭಾರತೀಯ ಕ್ರೀಡಾ ಪ್ರಾಧಿಕಾರ ಇವರ ಮಕ್ಕಳನ್ನು ಆರಿಸಿ ಓಟದ ತರಬೇತಿಗೆ ಕರೆತಂದಿತು. ಆಫ್ರಿಕಾದ ರಕ್ತ, ಒಲಿಂಪಿಕ್ ಪದಕ ತಂದೇ ತರುತ್ತದೆ ಎಂಬ ನಂಬಿಕೆ. ಹೊಟ್ಟೆ ತುಂಬ ಊಟ, ಬೂಟು, ಶಾಲೆ ಸಿಕ್ಕಿತು. ಹರ್ಡಲ್ಸ್ ಓಟದಲ್ಲಿ ಕಮಲಾ ಸಿದ್ದಿಯಂಥವರು ಹೆಸರು ಮಾಡಿದರು. ಆದರೆ 1993ರ ಹೊತ್ತಿಗೆ ಯೋಜನೆಯನ್ನೇ ನಿಲ್ಲಿಸಲಾಯಿತು. ಕೆಲವರಿಗೆ ಕ್ರೀಡಾ ಕೋಟಾದಲ್ಲಿ ನೌಕರಿ ಸಿಕ್ಕಿತು, ಉಳಿದವರು ಊರಿಗೆ ಮರಳಿದರು. ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಲು 2003 ಬರಬೇಕಾಯಿತು. ಅಲ್ಲಿ ಮುಷ್ಟಿ ಎತ್ತಿದವರನ್ನು ಕೈಬಿಟ್ಟರು. ಇಲ್ಲಿ ಮುಷ್ಟಿ ಎತ್ತದ ಮಕ್ಕಳನ್ನೂ ಕೈಬಿಟ್ಟೆವು. ಎರಡೂ ಕಡೆ ಬೇಕಾಗಿದ್ದದ್ದು ಕಾಲು, ಮನುಷ್ಯನಲ್ಲ.

ಇನ್ನು ಋಣದ ಮಾತು. 1946ರ ಕಾನೂನಿನಂತೆ ವರ್ಷಕ್ಕೆ 100 ಭಾರತೀಯರಷ್ಟೇ ಈ ದೇಶಕ್ಕೆ ವಲಸೆ ಬರಬಹುದಿತ್ತು. 1965ರ ಕಾನೂನು ಬಾಗಿಲು ತೆರೆದದ್ದರಿಂದ ನಾವು ಬಂದೆವು. ಜನಾಂಗದ ಲೆಕ್ಕದಲ್ಲಿ ಮನುಷ್ಯನನ್ನು ಅಳೆಯಬಾರದೆಂಬ ಗಾಳಿ ಈ ದೇಶದಲ್ಲಿ ಬೀಸಿದ್ದರಿಂದಲೇ ಆ ಕಾನೂನು ಬಂತು. ಆ ಗಾಳಿ ಎಬ್ಬಿಸಿದವರು ಬೀದಿಗಿಳಿದ ಕಪ್ಪು ಜನ. ಅವರು ಏಟು ತಿಂದು ತೆರೆದ ಬಾಗಿಲಲ್ಲಿ ನಾವು ಡಿಗ್ರಿ, ಸೂಟ್‌ಕೇಸು ಹಿಡಿದು ಒಳಗೆ ಬಂದೆವು.

ಹಾಗಿದ್ದೂ ನಮ್ಮ ಮನೆಗಳಲ್ಲಿ, ಕನ್ನಡ ಯಾರಿಗೂ ಅರ್ಥವಾಗದೆಂಬ ಧೈರ್ಯದಲ್ಲಿ, ಎಂಥ ಮಾತು ಬರುತ್ತದೆ ಎಂದು ನಾವೇ ಕೇಳಿಕೊಳ್ಳೋಣ. ಟಿವಿಯಲ್ಲಿ ಬಾಸ್ಕೆಟ್‌ಬಾಲ್ ಆಡುವವನಿಗೆ ಚಪ್ಪಾಳೆ ತಟ್ಟುತ್ತೇವೆ. ಅದೇ ಬಣ್ಣದವರು ಪಕ್ಕದ ಮನೆಗೆ ಬಂದರೆ ‘ಕರಿಯರು’ ಎಂದು ದನಿ ತಗ್ಗಿಸುತ್ತೇವೆ. ಮಕ್ಕಳು ಆ ಕನ್ನಡವನ್ನೂ ಕಲಿಯುತ್ತಾರೆ. ಕನ್ನಡ ಉಳಿಸುವುದೆಂದರೆ ಆ ಮಾತನ್ನೂ ಉಳಿಸುವುದಲ್ಲವಷ್ಟೆ?

ಆ ಮೆಟ್ಟಿಲು ಖಾಲಿ ಇರುವುದು ನಾರ್ಮನ್ ಅವರ ಇಚ್ಛೆಯಿಂದ. ತಮ್ಮ ಪ್ರತಿಮೆ ಬೇಡ, ಬಂದವರು ಅಲ್ಲಿ ನಿಂತು ಜೊತೆಯಾಗಲಿ ಎಂದರು. ಮುಂದಿನ ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ. ಫೋಟೋ ತೆಗೆಯುವ ಮೊದಲು ಈ ಕಥೆ ಹೇಳಿ, ಸಿದ್ದಿ ಮಕ್ಕಳ ಕಥೆಯನ್ನೂ ಸೇರಿಸಿ, ಕನ್ನಡದಲ್ಲೇ ಹೇಳಿ. ಆಮೇಲೆ ನಾವೂ ಆ ಮೆಟ್ಟಿಲು ಹತ್ತಿ ನಿಲ್ಲೋಣ.