ಸೊಪ್ಪಿನ ಬುಟ್ಟಿಗೆ ಸುಂಕ, ಬ್ರಾಂದಿ ಅಂಗಡಿಗೆ ಲೈಸೆನ್ಸು

(ತಾಲ್ಲೂಕಿನ ರೈತರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಬೆಲೆ ಮತ್ತು ಸಾಲ, ಈ ಎರಡರ ಮೇಲೆ ಮಾತಾಡಿ ಎಂದು ನನ್ನನ್ನು ಕರೆದಿದ್ದೀರಿ. ಇವತ್ತು ನಾನು ಲೈಸೆನ್ಸಿನ ಮಾತು ಆಡುತ್ತೇನೆ. ಇದೇನಪ್ಪ, ಬೆಲೆ ಬಿಟ್ಟು ಲೈಸೆನ್ಸು ಹಿಡ್ಕೊಂಡ ಅನ್ನಬೇಡಿ. ತಿರುಗಿ ಅಲ್ಲಿಗೇ ಬರ್ತೀನಿ.

ಮೊನ್ನೆ ಒಂದು ಸಂತೆಗೆ ಹೋಗಿದ್ದೆ. ಒಬ್ಬ ಹೆಣ್ಣುಮಗಳು ಎರಡು ಬುಟ್ಟಿ ಸೊಪ್ಪು ಇಟ್ಟುಕೊಂಡು ಕೂತಿದ್ದಳು. ಇನ್ನೂ ಬೋಣಿ ಆಗಿರಲಿಲ್ಲ. ಸುಂಕದವನು ಬಂದು ಕೈ ಚಾಚಿದ. ರಸೀದಿ ಕೊಡಪ್ಪ ಎಂದಿದ್ದಕ್ಕೆ ‘ಮುಂದಿನ ವಾರ ಬೇರೆ ಕಡೆ ಜಾಗ ನೋಡ್ಕೊ’ ಅಂದ. ಅಲ್ಲಿಂದ ತಲೆ ಎತ್ತಿದರೆ ಕಾಣುವಷ್ಟು ದೂರದಲ್ಲಿ ಒಂದು ಬ್ರಾಂದಿ ಅಂಗಡಿ. ಬೆಳಿಗ್ಗೆಯೇ ಜನ ಸಾಲುಗಟ್ಟಿದ್ದಾರೆ. ಪಂಚಾಯ್ತಿ ಸದಸ್ಯರೊಬ್ಬರು ಸಿಕ್ಕಿದರು. ‘ಈ ಅಂಗಡಿಗೆ ನೀವು ಒಪ್ಪಿಗೆ ಕೊಟ್ಟಿರಾ?’ ಎಂದು ಕೇಳಿದೆ. ‘ನಮ್ಮನ್ಯಾರು ಕೇಳ್ತಾರೆ ಸ್ವಾಮಿ? ಅದು ಮೇಲಿಂದ ಬರ್ತದೆ’ ಅಂದರು.

ಇವತ್ತಿನ ನನ್ನ ಮಾತೆಲ್ಲ ಇದೇ. ಸೊಪ್ಪಿನ ಬುಟ್ಟಿ ಮೇಲೆ ನಮ್ಮ ಪಂಚಾಯ್ತಿಗೆ ಅಧಿಕಾರವಿದೆ. ಬ್ರಾಂದಿ ಬಾಟಲಿ ಮೇಲೆ ಇಲ್ಲ.

ಕಾನೂನು ಏನು ಹೇಳುತ್ತದೆ ನೋಡೋಣ. 1993ರ ಪಂಚಾಯತ್ ರಾಜ್ ಕಾಯ್ದೆ ಗ್ರಾಮ ಪಂಚಾಯ್ತಿಗೆ ಸಂತೆ ಶುಲ್ಕ ಹಾಕುವ ಅಧಿಕಾರ ಕೊಟ್ಟಿದೆ. ಸಂತೆಯಲ್ಲಿ ಮಾರಿದ ದನಕ್ಕೆ ನೋಂದಣಿ ಶುಲ್ಕ ಹಾಕಬಹುದು. ಸಿನಿಮಾ ಬಿಟ್ಟು ಬೇರೆ ಮನರಂಜನೆಗೆ ತೆರಿಗೆ ಹಾಕಬಹುದು. ಜಾತ್ರೆಯ ತೊಟ್ಟಿಲು, ಸರ್ಕಸ್ಸು, ನಾಟಕದ ಕಂಪನಿ ಇವುಗಳಿಂದ ಪಂಚಾಯ್ತಿ ದುಡ್ಡು ಕೇಳಬಹುದು. ಆದರೆ ಮದ್ಯ ಮಾತ್ರ 1965ರ ಅಬಕಾರಿ ಕಾಯ್ದೆಯ ಕೆಳಗೆ, ಜಿಲ್ಲಾಧಿಕಾರಿ ಮತ್ತು ಅಬಕಾರಿ ಇಲಾಖೆಯ ಕೈಯಲ್ಲಿದೆ. ಗ್ರಾಮಸಭೆ ಬೇಡ ಎಂದರೆ ಅದೇ ಕೊನೆಯ ಮಾತು ಎಂಬ ಕಟ್ಟು ಆ ಕಾಯ್ದೆಯಲ್ಲಿಲ್ಲ.

‘ಹೊಸ ಲೈಸೆನ್ಸು ಕೊಡೋದನ್ನ ಸರ್ಕಾರ ನಿಲ್ಲಿಸಿತ್ತಲ್ಲ’ ಅಂತ ಕೆಲವರು ಕೇಳ್ತೀರಿ. ಹೌದು, ಚಿಲ್ಲರೆ ಅಂಗಡಿಯ ಸಿಎಲ್-2, ಬಾರಿನ ಸಿಎಲ್-9 ಲೈಸೆನ್ಸುಗಳನ್ನು ಹೊಸದಾಗಿ ಕೊಡುವುದನ್ನು 1990ರ ದಶಕದ ಆರಂಭದಲ್ಲೇ ನಿಲ್ಲಿಸಲಾಯಿತು. ಆದರೂ ಅಂಗಡಿ ನಮ್ಮೂರಿಗೆ ಹೇಗೆ ಬಂತು? ಸ್ಥಳಾಂತರದ ಮೂಲಕ ಬಂತು. ಪಟ್ಟಣದಲ್ಲಿದ್ದ ಹಳೆಯ ಲೈಸೆನ್ಸು ಹಳ್ಳಿಗೆ ನಡೆದು ಬರುತ್ತದೆ. ಹೆದ್ದಾರಿ ಪಕ್ಕದ ಮದ್ಯದಂಗಡಿ ಬೇಡ ಎಂದು ಸುಪ್ರೀಂ ಕೋರ್ಟು 2016ರ ಡಿಸೆಂಬರಿನಲ್ಲಿ ಆದೇಶ ಮಾಡಿತು. ಆದೇಶ ಒಳ್ಳೆಯದೇ. ಆದರೆ 2017ರಲ್ಲಿ ಹೆದ್ದಾರಿಯಿಂದ ಎದ್ದ ಅಂಗಡಿ ಎಲ್ಲಿಗೆ ಹೋಗಬೇಕು? ಊರೊಳಗೆ ಬಂತು. ಇದರ ಜೊತೆಗೆ ಸರ್ಕಾರದ್ದೇ ಆದ ಎಂಎಸ್‌ಐಎಲ್ ಅಂಗಡಿಗಳೂ ಬಂದವು. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾದಾಗ ನಾವೆಲ್ಲ ಖುಷಿಪಟ್ಟೆವು. ಪ್ಯಾಕೆಟ್ಟು ಹೋಯಿತು, ಅದರ ಜಾಗಕ್ಕೆ ಹೆಚ್ಚಿನ ಬೆಲೆಯ ವಿಸ್ಕಿ ಡಬ್ಬಿ ಬಂತು. ಕುಡಿಯುವವನ ಖರ್ಚು ಹೆಚ್ಚಿತು, ಅಷ್ಟೇ.

ಈಗ ಸಾಲದ ಲೆಕ್ಕಕ್ಕೆ ಬರೋಣ. ಒಬ್ಬ ದಿನಕ್ಕೆ 100 ರೂಪಾಯಿ ಕುಡಿತಾನೆ ಅಂತಿಟ್ಟುಕೊಳ್ಳಿ. ವರ್ಷಕ್ಕೆ 36,500. ಕೇಂದ್ರ ಸರ್ಕಾರ 2025–26ರ ಹಂಗಾಮಿಗೆ ಕಬ್ಬಿಗೆ ಕಟ್ಟಿದ ಬೆಲೆ, ಶೇಕಡಾ 10.25ರ ಇಳುವರಿಗೆ, ಟನ್ನಿಗೆ 3,550 ರೂಪಾಯಿ. ಅಂದರೆ ಹತ್ತು ಟನ್ನಿಗೂ ಮೀರಿದ ಕಬ್ಬನ್ನು ಅವನು ವರ್ಷಕ್ಕೆ ಕುಡಿದು ಮುಗಿಸಿದ. ಕಟಾವು, ಸಾಗಣೆ ಕಳೆದರೆ ಇನ್ನೂ ಹೆಚ್ಚು ಕಬ್ಬು ಬೇಕು. ಟನ್ನಿಗೆ ನೂರು ರೂಪಾಯಿ ಹೆಚ್ಚಿಗೆ ಕೊಡಿ ಎಂದು ರಸ್ತೆಯಲ್ಲಿ ಕೂತು ಲಾಠಿ ಏಟು ತಿನ್ನುತ್ತೇವೆ. ಗೆದ್ದು ತಂದ ಆ ನೂರು ಸಂಜೆ ಎಲ್ಲಿಗೆ ಹೋಗ್ತದೆ ಅಂತ ಯೋಚನೆ ಮಾಡಿದ್ದೀರಾ?

ಸರ್ಕಾರದ ಲೆಕ್ಕವನ್ನೂ ಕೇಳಿ. 2025–26ರ ರಾಜ್ಯ ಬಜೆಟ್ಟಿನಲ್ಲಿ ಅಬಕಾರಿ ಆದಾಯದ ಗುರಿ 40,000 ಕೋಟಿ ರೂಪಾಯಿ. ರಾಜ್ಯದ ಜನ ಸುಮಾರು 7 ಕೋಟಿ ಅಂದುಕೊಂಡರೆ, ತೊಟ್ಟಿಲ ಕೂಸನ್ನೂ ಸೇರಿಸಿ ತಲೆಗೆ 5,700 ರೂಪಾಯಿ. ಐದು ಜನರ ಮನೆಗೆ 28,500. ಗುರಿ ಅನ್ನೋ ಮಾತನ್ನ ಗಮನಿಸಿ. ಭತ್ತ, ರಾಗಿ ಇಷ್ಟು ಕೊಂಡೇ ಕೊಳ್ಳುತ್ತೇವೆ ಎಂದು ಗುರಿ ಹಾಕಿಕೊಳ್ಳಲು ಹಿಂದೆ ಮುಂದೆ ನೋಡುವ ಸರ್ಕಾರಗಳು ಕುಡಿತಕ್ಕೆ ಪ್ರತಿ ವರ್ಷ ಗುರಿ ಹಾಕುತ್ತವೆ. ಮದ್ಯಪಾನವನ್ನು ತಡೆಯಲು ಸರ್ಕಾರ ಪ್ರಯತ್ನಿಸಬೇಕು ಎನ್ನುವ ಸಂವಿಧಾನದ 47ನೇ ವಿಧಿ ಪುಸ್ತಕದಲ್ಲೇ ಉಳಿದಿದೆ.

ಊರಿಗೆ ಈ ಅಧಿಕಾರ ಕೊಟ್ಟರೆ ಆಕಾಶ ಕಳಚಿ ಬೀಳುತ್ತದೆಯೇ? ಬೇರೆ ಕಡೆ ಕೊಟ್ಟಿದ್ದಾರೆ. 1996ರ ಪೆಸಾ ಕಾಯ್ದೆ ಐದನೇ ಅನುಸೂಚಿಯ ಆದಿವಾಸಿ ಪ್ರದೇಶಗಳಲ್ಲಿ ಮದ್ಯ ಮಾರಾಟವನ್ನು ನಿಷೇಧಿಸುವ, ನಿಯಂತ್ರಿಸುವ ಅಧಿಕಾರ ಪಂಚಾಯ್ತಿಗೆ, ಗ್ರಾಮಸಭೆಗೆ ಇರಬೇಕೆಂದು ಹೇಳುತ್ತದೆ. ಕರ್ನಾಟಕದಲ್ಲಿ ಅಂಥ ಅನುಸೂಚಿತ ಪ್ರದೇಶವೇ ಇಲ್ಲ. ಮಹಾರಾಷ್ಟ್ರದಲ್ಲಿ ಊರಿನ ಹೆಂಗಸರು ಕೇಳಿದರೆ ಗುಪ್ತ ಮತದಾನ ನಡೆಸಬೇಕು ಎಂಬ ನಿಯಮವಿದೆ. ಚೀಟಿಯ ಮೇಲೆ ಎರಡು ಚಿತ್ರ, ನಿಂತ ಬಾಟಲಿ ಮತ್ತು ಮಲಗಿದ ಬಾಟಲಿ. ಪಟ್ಟಿಯಲ್ಲಿರುವ ಹೆಣ್ಣು ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮಲಗಿದ ಬಾಟಲಿಗೆ ಗುರುತು ಹಾಕಿದರೆ ಅಂಗಡಿ ಮುಚ್ಚಬೇಕು. ಕೇರಳದಲ್ಲಿ ಪಂಚಾಯ್ತಿಗೆ ಈ ಅಧಿಕಾರ ಇತ್ತು. 2017ರಲ್ಲಿ ಸುಗ್ರೀವಾಜ್ಞೆ ತಂದು ಅದನ್ನು ಕಿತ್ತುಕೊಂಡರು. ಒಮ್ಮೆ ಕೊಟ್ಟದ್ದನ್ನು ಕಾಯದಿದ್ದರೆ ಹೋಗುತ್ತದೆ ಎಂಬುದಕ್ಕೆ ಅದೇ ಸಾಕ್ಷಿ.

ನಮ್ಮಲ್ಲಿ ಹೆಂಡವನ್ನು ಖಜಾನೆಯ ಕರಾವಿನ ಹಸು ಮಾಡಿದ ಬ್ರಿಟಿಷರು ತಮ್ಮೂರಲ್ಲಿ ಏನು ಮಾಡಿದ್ದಾರೆ? ಇಂಗ್ಲೆಂಡಿನಲ್ಲಿ 2003ರ ಕಾಯ್ದೆಯೊಂದು 2005ರ ನವೆಂಬರಿನಿಂದ ಜಾರಿಗೆ ಬಂತು. ಮೊದಲು ಮ್ಯಾಜಿಸ್ಟ್ರೇಟರ ಕೈಯಲ್ಲಿದ್ದ ಮದ್ಯದ ಲೈಸೆನ್ಸು ಸ್ಥಳೀಯ ಕೌನ್ಸಿಲಿಗೆ ಬಂತು. ಹಾಡು ಕುಣಿತಕ್ಕೆ, ಅಪರಾತ್ರಿ ಬಿಸಿ ತಿಂಡಿ ಮಾರುವುದಕ್ಕೆ ಪರವಾನಗಿಯೂ ಅಲ್ಲೇ. ಹೊಸ ಅಂಗಡಿ ಇಡುವವನು ತಿಳಿನೀಲಿ ಕಾಗದದ ನೋಟೀಸನ್ನು 28 ದಿನ ಜಾಗದಲ್ಲಿ ಅಂಟಿಸಬೇಕು. ನೆರೆಹೊರೆಯವರು ತಕರಾರು ಹಾಕಿದರೆ ಕೌನ್ಸಿಲು ವಿಚಾರಣೆ ನಡೆಸಬೇಕು. ಅಲ್ಲಿಯೂ ಸುಮ್ಮನೆ ಬೇಡ ಎಂದರೆ ನಡೆಯದು. ಅಪರಾಧ, ಜನರ ಸುರಕ್ಷತೆ, ಗದ್ದಲ, ಮಕ್ಕಳಿಗೆ ಕೇಡು, ಈ ನಾಲ್ಕರಲ್ಲಿ ಒಂದು ಕಾರಣ ತೋರಿಸಬೇಕು. ಆದರೂ ಕೇಳುವವರು ಊರಿನವರು ಆರಿಸಿದ ಜನ. ನಮಗೆ ಆ ನೀಲಿ ಕಾಗದವೂ ಇಲ್ಲ.

ಬೀದಿ ವ್ಯಾಪಾರದ ಮಾತು ಒಂದಿದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪಟ್ಟಣದ ತಳ್ಳುಗಾಡಿಯವರಿಗೆ ರಕ್ಷಣೆ ಕೊಟ್ಟಿತು. ಅವರೂ ಬಡವರು, ಅನೇಕರು ನಮ್ಮ ಹಳ್ಳಿ ಬಿಟ್ಟು ಹೋದವರೇ. ಅವರ ಮೇಲೆ ನಮಗೆ ಜಗಳವಿಲ್ಲ. ಆದರೆ ಪ್ರಮಾಣಪತ್ರ ಬೇಕಾದರೆ ಬೇರೆ ಜೀವನೋಪಾಯ ಇರಬಾರದು ಎಂಬ ಷರತ್ತಿದೆ. ಎರಡೆಕರೆ ಪಹಣಿ ಇರುವವನು ತಾನು ಬೆಳೆದ ಟೊಮೇಟೊವನ್ನು ಪಟ್ಟಣದ ರಸ್ತೆ ಬದಿಯಲ್ಲಿ ಮಾರಲು ಹೋದರೆ ಅವನ ಕೈಯಲ್ಲಿ ಕಾಗದ ಇಲ್ಲ. ಪೊಲೀಸಿನವನು ಓಡಿಸಿದರೆ ಓಡಬೇಕು, ದಲ್ಲಾಳಿ ಕೇಳಿದ ಬೆಲೆಗೆ ಸುರಿದು ಬರಬೇಕು. ಬೆಳೆದವನಿಗೆ ಬೆಳಗಿನ ಹೊತ್ತು ಜಾಗ ಬಿಡಿ ಎಂದು ಪುರಸಭೆಯನ್ನು ಕೇಳೋದು ಬೆಲೆಯ ಹೋರಾಟವೇ.

ಇನ್ನು ನಮ್ಮ ಬೆನ್ನನ್ನೂ ನೋಡಿಕೊಳ್ಳೋಣ. ಸಂತೆ ಸುಂಕದ ಹರಾಜು ಹಿಡಿಯುವವರು ಯಾರು? ಹೊರಗಿನವರಲ್ಲ, ನಾಲ್ಕು ಎಕರೆ ನೀರಾವರಿ ಇರುವ ನಮ್ಮವರೇ. ಪೆಟ್ಟಿ ಅಂಗಡಿಯಲ್ಲಿ ಬೀಡಿ ಬೆಂಕಿಪೊಟ್ಟಣದ ಹಿಂದೆ ಬಾಟಲಿ ಇಟ್ಟು ಮಾರುವವನು ಯಾರು? ನಮ್ಮ ಅಣ್ಣ ತಮ್ಮ. ಅದು ಲೈಸೆನ್ಸಿಲ್ಲದ ಮಾರಾಟ, ಅಪರಾಧ. ಗೊತ್ತಿದ್ದೂ ಸುಮ್ಮನಿದ್ದೇವೆ. ಆಳಿಗೆ ಕೂಲಿಯ ಜೊತೆ ‘ಸಂಜೆಗೆ’ ಎಂದು ಐವತ್ತು ಕೊಡುವವರೂ ನಾವೇ. ಚುನಾವಣೆಯಲ್ಲಿ ಬಾಟಲಿ ಇಸ್ಕೊಂಡ ಊರು ಗ್ರಾಮಸಭೆಯಲ್ಲಿ ಅಂಗಡಿ ಬೇಡ ಎಂದರೆ ಯಾರು ನಂಬುತ್ತಾರೆ? ಈ ಮಾತು ಕಹಿ. ಆದರೆ ಇದನ್ನು ಹೇಳದೆ ಸರ್ಕಾರವನ್ನಷ್ಟೇ ಬೈದು ಹೋದರೆ ನಾನು ನಿಮಗೆ ಮೋಸ ಮಾಡಿದ ಹಾಗೆ.

ಹಾಗಾದರೆ ಏನು ಮಾಡೋಣ? ಅಬಕಾರಿ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ, ಜುಲೈ 1ಕ್ಕೆ ಲೈಸೆನ್ಸು ನವೀಕರಣ. ನಿಮ್ಮ ತಕರಾರು ಅದಕ್ಕೆ ಮೊದಲೇ ಹೋಗಬೇಕು. ಗ್ರಾಮಸಭೆ ಕರೆಸಿ, ಹೆಂಗಸರು ಮುಂದೆ ಕೂರಲಿ, ಠರಾವು ಬರೆಸಿ ಜಿಲ್ಲಾಧಿಕಾರಿಗೂ ಅಬಕಾರಿ ಇಲಾಖೆಗೂ ಕಳಿಸಿ, ಸ್ವೀಕೃತಿ ಇಸ್ಕೊಳ್ಳಿ. ಶಾಲೆ, ದೇವಸ್ಥಾನ, ಆಸ್ಪತ್ರೆ, ದಲಿತರ ಕೇರಿ ಇವುಗಳಿಂದ 100 ಮೀಟರಿನೊಳಗೆ ಅಂಗಡಿ ಇರಬಾರದೆಂದು ನಿಯಮವಿದೆ. ಟೇಪು ಹಿಡಿದು ಅಳೆಯಿರಿ. 2005ರ ಮಾಹಿತಿ ಹಕ್ಕಿನಲ್ಲಿ ಲೈಸೆನ್ಸಿನ ನಕಲು, ಜಾಗದ ನಕ್ಷೆ ತೆಗೆಸಿ. ಸಂತೆಯಲ್ಲಿ ಸುಂಕದ ದರದ ಬೋರ್ಡು ಹಾಕಿಸಿ, ರಸೀದಿ ಇಲ್ಲದೆ ಕಾಸು ಬಿಚ್ಚಬೇಡಿ. ಇದಕ್ಕೆಲ್ಲ ಹೊಸ ಕಾನೂನು ಬೇಕಿಲ್ಲ.

ಕಾನೂನು ಬೇಕಾದ್ದು ಒಂದಕ್ಕೆ. ಗ್ರಾಮಸಭೆಯ ಒಪ್ಪಿಗೆ ಇಲ್ಲದೆ ಊರಿಗೆ ಮದ್ಯದಂಗಡಿ ಬರಕೂಡದು, ಬಂದಿರುವುದು ಉಳಿಯಕೂಡದು. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ಮದ್ಯ ನಿಷೇಧ ಕೇಳಿ ನಡೆದುಕೊಂಡು ಹೋದರು. ಅವತ್ತು ನಾವು ಗಂಡಸರು ಎಷ್ಟು ಜನ ಅವರ ಜೊತೆ ಹೆಜ್ಜೆ ಹಾಕಿದೆವು?

1980ರ ದಶಕದಲ್ಲಿ ಎಷ್ಟೋ ಊರುಗಳ ಬಾಗಿಲಲ್ಲಿ ರೈತರು ಬೋರ್ಡು ನೆಟ್ಟಿದ್ದರು, ಅನುಮತಿ ಇಲ್ಲದೆ ಅಧಿಕಾರಿಗಳು ಒಳಗೆ ಬರಬಾರದು ಅಂತ. ಜಪ್ತಿಗೆ ಬಂದವನನ್ನು ಊರ ಹೊರಗೆ ನಿಲ್ಲಿಸಿದ ಜನ ನಾವು. ಬಾಟಲಿಯೂ ಜಪ್ತಿಗೇ ಬಂದಿದೆ. ಅದು ಎತ್ತನ್ನು ಹಗ್ಗ ಹಿಡಿದು ಎಳಕೊಂಡು ಹೋಗುವುದಿಲ್ಲ, ನಮ್ಮ ಕೈಯಲ್ಲೇ ಮಾರಿಸುತ್ತದೆ. ಜೂನ್ ಬರುವುದರೊಳಗೆ ನಿಮ್ಮೂರ ಗ್ರಾಮಸಭೆ ಸೇರಲಿ. ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ.