ಕಲ್ಲಿನ ಶಾಸನ, ವಂತಿಗೆಯ ದಾಖಲೆ

ಹಾನಗಲ್ಲಿನ ತಾರಕೇಶ್ವರ ಗುಡಿಯಲ್ಲೂ ಹಿರೇಕೆರೂರು ತಾಲ್ಲೂಕಿನ ಅಬಲೂರಿನಲ್ಲೂ ಶಾಸನಗಳಿವೆ. ದತ್ತಿಯನ್ನು ಕಲ್ಲಿಗೆ ಕೊರೆಸುತ್ತಿದ್ದುದು, ಮುಂದೆ ಯಾರೂ ಇಲ್ಲವೆನ್ನಬಾರದೆಂದು.

ಇಂದು ಶಿಗ್ಗಾವಿ, ಸವಣೂರಿನ ಕಾರ್ಮಿಕನಿಗೆ ಅಂಥ ಶಾಸನವೆಂದರೆ ಭವಿಷ್ಯನಿಧಿಯ ವಂತಿಗೆ ದಾಖಲೆ. 1995ರ ನೌಕರರ ಪಿಂಚಣಿ ಯೋಜನೆಯಂತೆ, ನೌಕರಿಯಲ್ಲಿದ್ದಾಗ ಶಾಶ್ವತವಾಗಿ, ಸಂಪೂರ್ಣವಾಗಿ ಅಂಗವಿಕಲನಾದವನಿಗೆ ಹತ್ತು ವರ್ಷದ ಸೇವೆ ಬೇಕಿಲ್ಲ. ಒಂದು ತಿಂಗಳ ವಂತಿಗೆ ಸಾಕು. ಆದರೆ ಆ ತಿಂಗಳು ದಾಖಲೆಯಲ್ಲಿರಬೇಕು. ಮಾಲಿಕ ಸಂಬಳದಲ್ಲಿ ಮುರಿದುಕೊಂಡು ಕಟ್ಟದಿದ್ದರೆ, ಹೆಸರೋ ಜನ್ಮದಿನಾಂಕವೋ ತಪ್ಪಿದ್ದರೆ, ಅರ್ಜಿ ಅಲ್ಲೇ ನಿಲ್ಲುತ್ತದೆ. ತಿದ್ದುಪಡಿಗೆ ಹಲವೊಮ್ಮೆ ಮಾಲಿಕನ ರುಜುವೂ ಬೇಕು. ಕಾರ್ಖಾನೆಯೇ ಮುಚ್ಚಿದ್ದರೆ ಅಲೆದಾಟ ತಪ್ಪದು.

ಆದ್ದರಿಂದ ಕೈಕಾಲು ಗಟ್ಟಿಯಿರುವಾಗಲೇ ಪಾಸ್‌ಬುಕ್ ನೋಡಿ, ಸಂಬಳದ ಚೀಟಿ ಜೋಪಾನವಾಗಿಡಿ. ಕಲ್ಲಿನ ತಪ್ಪು ಊರಿಗೆಲ್ಲ ಕಾಣುತ್ತಿತ್ತು. ಪಾಸ್‌ಬುಕ್ಕಿನ ತಪ್ಪು ನಾವಾಗಿ ನೋಡದೆ ಕಾಣದು.