ವಿದ್ಯಾರ್ಥಿಗಳಿಗೆ ಆಟವೂ ಒಂದು ಪಾಠ

(ಶಾಲಾ ವಾರ್ಷಿಕ ಕ್ರೀಡಾಕೂಟದ ಬಹುಮಾನ ವಿತರಣಾ ಸಮಾರಂಭದಲ್ಲಿ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಇಂದು ಬಹುಮಾನ ಪಡೆದವರಿಗೆಲ್ಲ ನನ್ನ ಅಭಿನಂದನೆಗಳು. ಓಟದಲ್ಲಿ ಕೊನೆಯವರಾಗಿ ಬಂದವರಿಗೂ ಅಷ್ಟೇ ಅಭಿನಂದನೆಗಳು. ಏಕೆಂದರೆ ನಾನು ಮಾತನಾಡಲು ಬಂದಿರುವುದು ಗೆಲ್ಲುವವರ ಬಗ್ಗೆ ಅಲ್ಲ, ಆಡುವವರ ಬಗ್ಗೆ.

"ಓದುವುದು ಬಿಟ್ಟು ಯಾವಾಗ ನೋಡಿದರೂ ಆಟ!" ಈ ಬೈಗುಳ ಕೇಳದ ಮಗು ನಮ್ಮಲ್ಲಿ ಇರಲಾರದು. ಓದು ಮತ್ತು ಆಟ ಒಂದಕ್ಕೊಂದು ವೈರಿಗಳು ಎಂದೇ ನಾವು ತಿಳಿದಿದ್ದೇವೆ. ಆದರೆ ನಮ್ಮ ರಾಜ್ಯದ ಅನಿಲ್ ಕುಂಬ್ಳೆ ಮೆಕ್ಯಾನಿಕಲ್ ಇಂಜಿನಿಯರಿಂಗ್ ಪದವೀಧರರು. ಟೆಸ್ಟ್ ಪಂದ್ಯಗಳಲ್ಲಿ 619 ವಿಕೆಟ್ ಪಡೆದವರೂ ಅವರೇ. ಜಾವಗಲ್ ಶ್ರೀನಾಥ್ ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದವರು. ಸಮಯವನ್ನು ಹಂಚಿಕೊಳ್ಳಲು ಕಲಿತವನಿಗೆ ಎರಡೂ ಸಾಧ್ಯ.

ಮೊದಲು ದೇಹದ ಮಾತು. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂತೆ ಓಡಾಡಬೇಕು, ವಾರಕ್ಕೆ ಕನಿಷ್ಠ 3 ದಿನ ಎಲುಬು ಮತ್ತು ಸ್ನಾಯುಗಳಿಗೆ ಬಲ ಕೊಡುವ ಚಟುವಟಿಕೆ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ನಮ್ಮ ಮೂಳೆಗಳ ಗಟ್ಟಿತನದ ಬಹುಪಾಲು ಇಪ್ಪತ್ತು ವರ್ಷದೊಳಗೇ ಕೂಡಿಬರುತ್ತದೆ. ಓಡುವುದು, ಜಿಗಿಯುವುದು, ಹಗ್ಗದಾಟ ಇವೆಲ್ಲ ಮುಪ್ಪಿಗೆ ಇಡುವ ಉಳಿತಾಯವಿದ್ದಂತೆ.

ಕಣ್ಣಿಗೂ ಆಟ ಬೇಕು. ಚೀನಾದ ಗುವಾಂಗ್‌ಝೌ ನಗರದ 12 ಪ್ರಾಥಮಿಕ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಅರ್ಧದಷ್ಟು ಶಾಲೆಗಳ ಒಂದನೇ ತರಗತಿಯ ಮಕ್ಕಳನ್ನು ದಿನವೂ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟರು. ಮೂರು ವರ್ಷಗಳ ನಂತರ, ಹಾಗೆ ಬಿಡದ ಶಾಲೆಗಳಲ್ಲಿ ಶೇ. 39.5ರಷ್ಟು ಮಕ್ಕಳಿಗೆ ಸಮೀಪದೃಷ್ಟಿ ದೋಷ ಬಂದಿದ್ದರೆ, ಹೊರಗೆ ಬಿಟ್ಟ ಶಾಲೆಗಳಲ್ಲಿ ಅದು ಶೇ. 30.4 ಆಗಿತ್ತು. ಈ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಮೊಬೈಲ್ ಹಿಡಿದು ಕೂರುವ ಮಕ್ಕಳ ಪೋಷಕರು ಇದನ್ನು ಗಮನಿಸಬೇಕು.

ಇನ್ನು ಮನಸ್ಸಿನ ಮಾತು. ಖೋ ಖೋ ಆಟದಲ್ಲಿ ಎಷ್ಟೇ ವೇಗವಾಗಿ ಓಡುವವನಾದರೂ ಸರಿಯಾದ ಸಮಯಕ್ಕೆ ಪಕ್ಕದವನಿಗೆ ಖೋ ಕೊಡಲೇಬೇಕು. ಕಬಡ್ಡಿಯಲ್ಲಿ ಔಟಾದವನು ಅಂಗಳದ ಹೊರಗೆ ಕಾಯುತ್ತಾನೆ, ತನ್ನವರು ಅಂಕ ಗಳಿಸಿದಾಗ ಮತ್ತೆ ಒಳಗೆ ಬರುತ್ತಾನೆ. ಸೋತರೂ ಜೀವನ ಮುಗಿಯುವುದಿಲ್ಲ ಎಂದು ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

1983ರ ಜೂನ್ 18ರಂದು ವಿಶ್ವಕಪ್‌ನಲ್ಲಿ ಜಿಂಬಾಬ್ವೆ ವಿರುದ್ಧ ಭಾರತ 17 ರನ್‌ಗೆ 5 ವಿಕೆಟ್ ಕಳೆದುಕೊಂಡಿತ್ತು. ಕಪಿಲ್ ದೇವ್ ಹೊಡೆದ 175 ರನ್ ಎಲ್ಲರಿಗೂ ಗೊತ್ತು. ಇನ್ನೊಂದು ತುದಿಯಲ್ಲಿ ಔಟಾಗದೆ ನಿಂತವರು ಕರ್ನಾಟಕದ ಸೈಯದ್ ಕಿರ್ಮಾನಿ. ಅವರು ಗಳಿಸಿದ್ದು 24 ರನ್ ಮಾತ್ರ. ಆದರೆ ಇಬ್ಬರೂ ಸೇರಿ ಮುರಿಯದ ಜೊತೆಯಾಟದಲ್ಲಿ 126 ರನ್ ಕೂಡಿಸಿದರು. ಇನ್ನೊಬ್ಬರ ಗೆಲುವಿಗೆ ಆಸರೆಯಾಗಿ ನಿಲ್ಲುವುದೂ ದೊಡ್ಡ ಗುಣವೇ.

ಹೆಣ್ಣು ಮಕ್ಕಳ ಬಗ್ಗೆ ವಿಶೇಷವಾಗಿ ಹೇಳಬೇಕು. ಏಳನೇ ತರಗತಿ ದಾಟಿದ ಕೂಡಲೇ ಅವರು ಮೈದಾನದ ಅಂಚಿನಲ್ಲಿ ಕುಳಿತು ಚಪ್ಪಾಳೆ ತಟ್ಟುವವರಾಗಿಬಿಡುತ್ತಾರೆ. ತೆಲಂಗಾಣದ ನಿಜಾಮಾಬಾದಿನ ನಿಖತ್ ಜರೀನ್ ಅವರಿಗೆ ಬಾಕ್ಸಿಂಗ್ ದಾರಿ ತೋರಿಸಿದವರು ಅವರ ತಂದೆಯೇ. ಆಕೆ 2022 ಮತ್ತು 2023ರಲ್ಲಿ ವಿಶ್ವ ಚಾಂಪಿಯನ್ ಆದರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಇಬ್ತಿಹಾಜ್ ಮುಹಮ್ಮದ್ ತಲೆವಸ್ತ್ರ ಧರಿಸಿಯೇ ಕತ್ತಿವರಸೆಯ ತಂಡ ವಿಭಾಗದಲ್ಲಿ ಕಂಚು ಗೆದ್ದರು. ತಲೆವಸ್ತ್ರ ಧರಿಸಿ ಫುಟ್‌ಬಾಲ್ ಆಡಲು 2014ರಲ್ಲಿಯೂ, ಬಾಸ್ಕೆಟ್‌ಬಾಲ್ ಆಡಲು 2017ರಲ್ಲಿಯೂ ಅಂತರರಾಷ್ಟ್ರೀಯ ನಿಯಮಗಳು ಅವಕಾಶ ಕೊಟ್ಟಿವೆ. ಹಾಗಾಗಿ ಅಡ್ಡಿ ಉಡುಪಿನದಲ್ಲ, ನಮ್ಮ ಹಿಂಜರಿಕೆಯದು.

ಕೊನೆಗೆ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಹಲವು ವರ್ಷಗಳ ಹಿಂದಿನ ಮಾತು. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂತೆಂದು ಗಣಿತದ ಮೇಷ್ಟ್ರು ನನ್ನ ಆಟದ ಪೀರಿಯಡ್ ಕೇಳಿದರು. ವಾರಕ್ಕೆ ಇದ್ದ ಎರಡನ್ನೂ ಕೊಟ್ಟುಬಿಟ್ಟೆ. ನನಗೂ ಒಂದಿಷ್ಟು ಬಿಡುವು ಸಿಕ್ಕಿತಲ್ಲ ಎಂಬ ಆಸೆ. ಆ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಓದಿನಲ್ಲಿ ಹಿಂದೆ, ಕಬಡ್ಡಿಯಲ್ಲಿ ಮಾತ್ರ ಅವನನ್ನು ಹಿಡಿಯುವವರಿರಲಿಲ್ಲ. ಒಂದು ತಿಂಗಳಲ್ಲಿ ಅವನು ಶಾಲೆಗೆ ಬರುವುದನ್ನೇ ಬಿಟ್ಟ. ಹುಡುಕಿಕೊಂಡು ಹೋದರೆ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದ. "ಸರ್, ಶಾಲೆಯಲ್ಲಿ ನನ್ನನ್ನು ಭೇಷ್ ಅನ್ನುತ್ತಿದ್ದುದು ಅಲ್ಲೊಂದೇ ಕಡೆ" ಎಂದ. ನಾನು ಎಷ್ಟು ಕರೆದರೂ ಅವನು ಮರಳಿ ಬರಲಿಲ್ಲ. ಕೇಳಿದವರದು ತಪ್ಪಲ್ಲ, ಕೊಟ್ಟವನದು ತಪ್ಪು. ಮುಂದೆ ನಿವೃತ್ತಿಯವರೆಗೂ ನಾನು ಒಂದೇ ಒಂದು ಆಟದ ಪೀರಿಯಡ್ ಬಿಟ್ಟುಕೊಡಲಿಲ್ಲ. ಆದರೆ ಆ ಹುಡುಗನಿಗೆ ಅದರಿಂದ ಏನೂ ಆಗಲಿಲ್ಲ.

ಆದ್ದರಿಂದ ನನ್ನ ವಿನಂತಿ ಇಷ್ಟೆ. ಶಿಕ್ಷಕ ಮಿತ್ರರೇ, ಹತ್ತನೇ ತರಗತಿಗೂ ಆಟದ ಪೀರಿಯಡ್ ಉಳಿಸಿ. ಪೋಷಕರೇ, ಟ್ಯೂಷನ್ನಿಗೆ ಕಳಿಸುವ ಮುನ್ನ ಮಗಳನ್ನೂ ಮಗನನ್ನೂ ಒಂದು ಗಂಟೆ ಆಡಲು ಬಿಡಿ. ವಿದ್ಯಾರ್ಥಿಗಳೇ, ಚೆನ್ನಾಗಿ ಆಡಿ, ಚೆನ್ನಾಗಿ ಓದಿ. ಆಟ ಬಾರದ ಗೆಳೆಯನನ್ನೂ ತಂಡಕ್ಕೆ ಸೇರಿಸಿಕೊಳ್ಳಿ. ಮೈದಾನದಲ್ಲಿ ಎಲ್ಲರಿಗೂ ಜಾಗವಿದೆ.